ಹೊಸೂರಿನಲ್ಲಿ ನಾಲ್ಕು ದಿನ, ಒಂದು ಸೈಟು

2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ನಮ್ಮ ಎರಡು ಎಕರೆಯ ಬೆಳೆ ಸರಿಯಾಗಿ ಅದೇ ಹೊತ್ತಿಗೆ ಕೊಯ್ಲಿಗೆ ಬಂತು. ಟೊಮೆಟೊ ಬೆಳೆಯುವವರಿಗೆ ಇಂಥ ವರ್ಷ ಜೀವನದಲ್ಲಿ ಒಂದೋ ಎರಡೋ. ಸಾಲ ತೀರಿಸಿದೆವು. ಬೋರಿನ ಮೋಟಾರು ಬದಲಾಯಿಸಿದೆವು. ಉಳಿದದ್ದನ್ನು ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟೆವು. ಅದು ಈ ಫೆಬ್ರವರಿಯ ಕೊನೆಗೆ ಮುಗಿಯುವುದಿತ್ತು. ಬಡ್ಡಿ ಸೇರಿ 25 ಲಕ್ಷ.

ಮಗಳು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಆಫೀಸಿನಲ್ಲಿ ಊಟಕ್ಕೆ ಕೂತರೆ ಹೊಸೂರಿನ ಸೈಟಿನ ಮಾತೇ ಅಂತೆ. "ಅಪ್ಪಾ, ಈ ದುಡ್ಡಿಗೆ ಬೆಂಗಳೂರಲ್ಲಿ ಏನೂ ಬರಲ್ಲ. ಎಲ್ಲರೂ ಹೊಸೂರಲ್ಲೇ ತಗೊಳ್ತಿದ್ದಾರೆ, ಒಂದ್ಸಲ ನೋಡ್ಕೊಂಡು ಬನ್ನಿ" ಅಂತ ಮೂರು ತಿಂಗಳಿಂದ ಹೇಳುತ್ತಲೇ ಇದ್ದಳು. ನಾದಿನಿಯ ಮನೆ ಹೊಸೂರಿನಲ್ಲೇ ಇದೆ. ತೋಟದ ನೀರಿನ ಜವಾಬ್ದಾರಿ ತಮ್ಮನಿಗೆ ಒಪ್ಪಿಸಿ, ನಾನೂ ನನ್ನ ಹೆಂಡತಿಯೂ ಹೊರಟೆವು.

ಮೊದಲ ದಿನ, ಬುಧವಾರ

ನಮ್ಮ ಊರು ನರಸಾಪುರದ ಹತ್ತಿರ. ಬೆಳಿಗ್ಗೆ ಏಳಕ್ಕೆ ಕಾರು ತೆಗೆದಾಗ ಕಾರ್ಖಾನೆಗಳ ಬಸ್ಸುಗಳು ಸಾಲುಗಟ್ಟಿ ಬರುತ್ತಿದ್ದವು. ಹೋಂಡಾ ಕಾರ್ಖಾನೆ ಇಲ್ಲಿ 2013ರಲ್ಲಿ ಶುರುವಾಯಿತು. ಆಮೇಲೆ ಐಫೋನ್ ಕಾರ್ಖಾನೆ ಬಂತು. ಕಾರ್ಖಾನೆ ಬರುತ್ತದೆ ಅನ್ನುವ ಸುದ್ದಿಗೇ ರಾಗಿ ಹೊಲಗಳಲ್ಲಿ ಸೈಟಿನ ಕಲ್ಲು ಎದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಚಿಕ್ಕಪ್ಪನ ಮಗ ಆಗ ಒಂದು ಸೈಟು ತಗೊಂಡ. ಜಮೀನು ಕನ್ವರ್ಷನ್ ಆಗಿರಲಿಲ್ಲ. ಕಾರ್ಖಾನೆ ಹೇಳಿದ ಹಾಗೇ ಬಂತು, ಸಾವಿರಾರು ಜನಕ್ಕೆ ಕೆಲಸವೂ ಸಿಕ್ಕಿತು. ಅವನ ಸೈಟಿಗೆ ಮಾತ್ರ ಇವತ್ತಿಗೂ ಇ-ಖಾತಾ ಆಗಿಲ್ಲ. ಮಾರೋಣ ಅಂದರೆ ಕೊಳ್ಳುವವರು ಮೊದಲು ಅದನ್ನೇ ಕೇಳುತ್ತಾರೆ. ಅವನ ಮಗಳ ಮದುವೆಗೆ ಆ ದುಡ್ಡು ಒದಗಲಿಲ್ಲ ಅನ್ನುವ ನೋವು ನಮ್ಮ ಮನೆಯಲ್ಲಿ ಎಲ್ಲರಿಗೂ ಇದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಅದೇ ಓಡುತ್ತಿತ್ತು.

ಮಾಲೂರಿನ ಇಟ್ಟಿಗೆ ಗೂಡುಗಳು, ನೀಲಗಿರಿ ತೋಪುಗಳು ದಾಟಿದೆವು. ಚೆನ್ನೈ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಮಾಲೂರಿನ ಕಡೆಯೂ ಲೇಔಟಿನ ಬೋರ್ಡುಗಳು ಜಾಸ್ತಿಯಾಗಿವೆ. ಬಾಗಲೂರು ಬರುವ ಹೊತ್ತಿಗೆ ಬೋರ್ಡುಗಳು ತಮಿಳಿಗೆ ತಿರುಗಿದ್ದವು. ಚಹದ ಅಂಗಡಿಯ ಮಾತು ಮಾತ್ರ ನಮ್ಮೂರಿನದೇ, ಒಂದು ಸಾಲು ತೆಲುಗು, ಒಂದು ಸಾಲು ಕನ್ನಡ. ನನ್ನ ಹೆಂಡತಿಗೆ ಅದರಿಂದಲೇ ಅರ್ಧ ಧೈರ್ಯ ಬಂತು. ನನಗೆ ಬರಲಿಲ್ಲ. ಮಾತು ಯಾವುದಾದರೂ ಆಗಲಿ, ಕಾಗದ ತಮಿಳಿನಲ್ಲೇ ತಾನೇ ಇರುವುದು?

ಸಂಜೆ ಷಡ್ಡಕ ಶಿಫ್ಟ್ ಮುಗಿಸಿ ಬಂದ. ಹೊಸೂರಿಗೆ ಬಂದು 18 ವರ್ಷವಾಗಿದೆ ಅವನಿಗೆ. ಮಹಡಿಯ ಮೇಲೆ ಮೂರು ಚಿಕ್ಕ ಮನೆ ಕಟ್ಟಿ, ಕಾರ್ಖಾನೆಯ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದಾನೆ. "ಅಣ್ಣಾ, ಒಂದು ಮನೆ ಖಾಲಿಯಾದರೆ ಹದಿನೈದು ದಿನದಲ್ಲಿ ಇನ್ನೊಬ್ಬರು ಬರುತ್ತಾರೆ" ಅಂದ. ಊರು ಬೆಳೆದದ್ದು ಇವತ್ತು ನಿನ್ನೆಯಲ್ಲ. ಟಿವಿಎಸ್ 50 ಮೊಪೆಡ್ 1980ರಲ್ಲಿ ಹೊರಬಂದದ್ದು ಇಲ್ಲಿಂದಲೇ. ಅಶೋಕ್ ಲೇಲ್ಯಾಂಡ್ ಲಾರಿ, 1987ರಿಂದ ಟೈಟನ್ ವಾಚು, ಎಲ್ಲ ಈ ಊರಿನ ಸರಕು. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯಾಯಿತು. ಅಂದರೆ ಇಲ್ಲಿ ಜನಕ್ಕೆ ಮನೆ ಬೇಕು ಅನ್ನುವುದು ಸುಮ್ನೆ ಹುಟ್ಟಿಸಿದ ಮಾತಲ್ಲ. ನಲವತ್ತೈದು ವರ್ಷದಿಂದ ಶಿಫ್ಟಿನ ಸೈರನ್ ಕೇಳುತ್ತಿರುವ ಊರು ಇದು. ಆ ರಾತ್ರಿ ನನಗೆ ಹೊಸೂರಿನ ಮೇಲೆ ನಿಜವಾಗಿಯೂ ಗೌರವ ಬಂತು.

ಎರಡನೆಯ ದಿನ, ಗುರುವಾರ

ಏಜೆಂಟ್ ಒಂಬತ್ತಕ್ಕೇ ಬಂದ. ಒಳ್ಳೆ ಮಾತುಗಾರ, ಮರ್ಯಾದೆಯ ಹುಡುಗ. ದಿನವಿಡೀ ಮೂರು ಲೇಔಟು ತೋರಿಸಿದ.

ಮೊದಲನೆಯದರಲ್ಲಿ ನಿಂತು ಪೂರ್ವಕ್ಕೆ ಕೈ ತೋರಿಸಿ "ಏರ್‌ಪೋರ್ಟ್ ಇಲ್ಲೇ ಬರುತ್ತೆ ಅಣ್ಣಾ" ಅಂದ. ಎರಡನೆಯದರಲ್ಲಿ ಅದೇ ಮಾತು, ಕೈ ದಕ್ಷಿಣಕ್ಕೆ. ತಮಿಳುನಾಡಿನ ಮುಖ್ಯಮಂತ್ರಿ 2024ರ ಜೂನ್‌ನಲ್ಲಿ ವಿಧಾನಸಭೆಯಲ್ಲಿ ಹೊಸೂರಿಗೆ 2,000 ಎಕರೆಯಲ್ಲಿ, ವರ್ಷಕ್ಕೆ 3 ಕೋಟಿ ಪ್ರಯಾಣಿಕರ ವಿಮಾನ ನಿಲ್ದಾಣ ಮಾಡುತ್ತೇವೆ ಅಂದದ್ದು ನಿಜ. ಆದರೆ ನಮ್ಮ ದೇವನಹಳ್ಳಿಯ ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರ್ ಒಳಗೆ ಇನ್ನೊಂದು ಹೊಸ ನಿಲ್ದಾಣ 2033ರವರೆಗೆ ಬರುವಂತಿಲ್ಲ ಅನ್ನುವ ಷರತ್ತಿದೆ. ಹೊಸೂರು ಆ ದೂರದ ಒಳಗೇ ಬರುತ್ತದೆ. ಈ ವಿಷಯ ಕೇಳಿದೆ. ಅದೆಲ್ಲ ಸರಿಹೋಗುತ್ತದೆ ಅಂದ. ಸರಿಹೋಗಬಹುದು. ಆದರೆ ಸರಿಹೋಗುವವರೆಗೆ ಕಾಯುವುದು ನನ್ನ ದುಡ್ಡು ತಾನೇ.

ಮೆಟ್ರೋ ಕಥೆಯೂ ಹಾಗೇ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಬಂತು, ಮಗಳು ಅದರಲ್ಲೇ ಓಡಾಡುತ್ತಾಳೆ. ಅಲ್ಲಿಂದ ಮುಂದೆ ಹೊಸೂರಿಗೆ ಹಳಿ ಇಲ್ಲ. ಏಜೆಂಟ್ ಕೊಟ್ಟ ಬಣ್ಣದ ಕಾಗದದಲ್ಲಿ ಮಾತ್ರ ರೈಲು ಹೊಸೂರಿನ ಬಸ್ ಸ್ಟ್ಯಾಂಡ್ ಹತ್ತಿರ ನಿಂತಿತ್ತು.

ಎರಡನೆಯ ಲೇಔಟಿನಿಂದ ಕೆಲವರಪಳ್ಳಿ ಅಣೆಕಟ್ಟಿನ ಕಡೆ ಹೋಗಿ ಬಂದೆವು. ದಕ್ಷಿಣ ಪಿನಾಕಿನಿಯ ನೀರು ಅದು. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನ ಕೊಳಕನ್ನೆಲ್ಲ ಹೊತ್ತುಕೊಂಡು ಇಲ್ಲಿಗೆ ಬರುತ್ತದೆ. ಬಾಗಿಲಿನಿಂದ ಬೀಳುವ ಕಡೆ ಬಿಳಿ ನೊರೆ ಎದ್ದು ಗಾಳಿಗೆ ಹಾರುತ್ತಿತ್ತು. ನನ್ನ ಹೆಂಡತಿ ಸೆರಗು ಮೂಗಿಗೆ ಹಿಡಿದಳು. ನಮ್ಮ ಜಿಲ್ಲೆಗೆ ಸೇರಿದ ನದಿಯನ್ನು ಆ ಸ್ಥಿತಿಯಲ್ಲಿ ನೋಡಿ ನನಗೆ ಮಾತು ಹೊರಡಲಿಲ್ಲ.

ಮೂರನೆಯ ಲೇಔಟಿಗೆ ಹೋದಾಗ ನಾಲ್ಕು ಗಂಟೆ. ಇದು ನನ್ನ ಮನಸ್ಸು ಹಿಡಿಯಿತು. ಡಾಂಬರು ರಸ್ತೆ, ಎರಡೂ ಬದಿ ಹೊಂಗೆ ಸಸಿ, ಆಗಲೇ ಏಳೆಂಟು ಮನೆ ಎದ್ದಿದ್ದವು. ಹಿಂದಿನ ತುದಿಯಲ್ಲಿ "ಎರಡನೇ ಹಂತ" ಅಂತ ಕಲ್ಲು ನೆಟ್ಟಿದ್ದರು. ಅಲ್ಲಿ 91ನೇ ನಂಬರು, 30-40ರ ಸೈಟು, ಪೂರ್ವದ ಬಾಗಿಲು. ಅವರ ಲೆಕ್ಕದಲ್ಲಿ ಎರಡೂಮುಕ್ಕಾಲು ಸೆಂಟು. ನಾವು ಗುಂಟೆಯ ಜನ, ಗುಂಟೆಗೆ ಎರಡೂವರೆ ಸೆಂಟು ಅಂತ ಮನಸ್ಸಿನಲ್ಲೇ ಕೂಡಿಸಿಕೊಂಡೆ. ಚದರಡಿಗೆ 1,900 ಹೇಳಿದ. ಮುಂದಿನ ಹಂತಕ್ಕಿಂತ 400 ಕಡಿಮೆ.

ಬೆಲೆಗಿಂತ ಹೆಚ್ಚಾಗಿ ನನ್ನನ್ನು ಹಿಡಿದದ್ದು ಅಲ್ಲಿನ ಹಸಿರು. ಫೆಬ್ರವರಿಯ ಬಿಸಿಲಲ್ಲಿ ಎಲ್ಲ ಕಡೆ ಹುಲ್ಲು ಒಣಗಿತ್ತು, ಆ ಮೂಲೆಯಲ್ಲಿ ಮಾತ್ರ ಮೊಣಕಾಲೆತ್ತರ ಹಸಿ ಹುಲ್ಲು.

"ಇಲ್ಲಿ ಬೋರು ಎಷ್ಟಕ್ಕೆ ಸಿಗುತ್ತೆ?"

"ಇನ್ನೂರು ಅಡಿ ಅಣ್ಣಾ. ಪಕ್ಕದಲ್ಲೇ ಏರಿ ಬರುತ್ತೆ, ನೀರಿಗೆ ತೊಂದರೆಯೇ ಇಲ್ಲ."

ಇನ್ನೂರು ಅಡಿ! ನಮ್ಮ ತೋಟದ ಕೊನೆಯ ಬೋರು 1,400 ಅಡಿ ಹೋಗಿದೆ. ಅದಕ್ಕೂ ಮುಂಚೆ ಎರಡು ಬೋರಿನಲ್ಲಿ ಬರೀ ಧೂಳು ಎದ್ದಿತ್ತು. ಕೋಲಾರದವನಿಗೆ ಇನ್ನೂರು ಅಡಿಯಲ್ಲಿ ನೀರು ಅಂದರೆ ಏನರ್ಥ ಅಂತ ಕೋಲಾರದವರಿಗೇ ಗೊತ್ತು. ಪಕ್ಕದಲ್ಲಿ ಏರಿ ಅಂದನಲ್ಲ, ಏರಿ ಅಂದರೆ ಎತ್ತರದ ಜಾಗ, ಮಳೆ ನೀರು ಇತ್ತ ಬರುವುದಿಲ್ಲ ಅಂತಲೂ ಅಂದುಕೊಂಡೆ. 50,000 ಟೋಕನ್ ಕೊಟ್ಟರೆ ಸೈಟು ಹಿಡಿದಿಡುತ್ತೇನೆ ಅಂದ. ನನ್ನ ಕೈ ಜೇಬಿನ ಫೋನಿಗೆ ಹೋಗಿತ್ತು. "ನಾಳೆ ಕಾಗದ ನೋಡಿ ಹೇಳ್ತೀವಿ ಕಣಪ್ಪಾ" ಅಂದವಳು ನನ್ನ ಹೆಂಡತಿ.

ಮೂರನೆಯ ದಿನ, ಶುಕ್ರವಾರ

ಬೆಳಿಗ್ಗೆ ಕಾಫಿ ಕುಡಿಯುತ್ತ ಅವಳು ಮಂಡಿ ಚೀಟಿಯ ಹಿಂದೆ ಲೆಕ್ಕ ಬರೆದಳು. 1,200 ಚದರಡಿಗೆ 22,80,000. ತಮಿಳುನಾಡಿನಲ್ಲಿ ಮುದ್ರಾಂಕ 7 ಪರ್ಸೆಂಟ್, ನೋಂದಣಿ 2 ಪರ್ಸೆಂಟ್. ಎರಡೂ ಸೇರಿ 2,05,200. ನಮ್ಮಲ್ಲೂ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಒಂದರಿಂದ ಎರಡು ಪರ್ಸೆಂಟ್ ಆಗಿದೆ, ಆದರೂ ಒಟ್ಟು ಇಷ್ಟಾಗುವುದಿಲ್ಲ. ಅಲ್ಲಿಗೆ 24,85,200. ಕಮಿಷನ್ ಬೇರೆ.

"ಇದೇ ದುಡ್ಡು ಬ್ಯಾಂಕಲ್ಲಿ ಏಳು ಪರ್ಸೆಂಟಿಗೆ ಇದ್ದರೆ ಹತ್ತು ವರ್ಷಕ್ಕೆ ಹತ್ತಿರ ಹತ್ತಿರ ಎರಡರಷ್ಟು. ಅಂದರೆ ಈ ಸೈಟು ಹತ್ತು ವರ್ಷದ ಮೇಲೆ ಚದರಡಿಗೆ 4,000 ದಾಟಿದರೇನೇ ನಮಗೆ ಲಾಭ. ಅಲ್ಲೀವರೆಗೂ ಒಂದು ರೂಪಾಯಿ ಬಾಡಿಗೆ ಬರಲ್ಲ, ಬೇಲಿ ನೋಡ್ಕೊಳ್ಳೋಕೆ ನಾವಿಲ್ಲಿ ಇರಲ್ಲ" ಅಂದಳು. ಷಡ್ಡಕ, "ದಾಟಬಹುದು ಅಕ್ಕಾ, ನಾನು ತಗೊಂಡಾಗ ಇಲ್ಲಿ 300 ಇತ್ತು" ಅಂದ. ಇಬ್ಬರ ಮಾತೂ ಸರಿಯೇ. ಅವನು ಕೊಂಡ ಜಾಗದಲ್ಲಿ ಆಗಲೇ ಬೀದಿ ದೀಪ ಇತ್ತು ಅನ್ನುವುದು ಆಮೇಲೆ ಕೇಳಿದಾಗ ತಿಳಿಯಿತು.

ಹತ್ತು ಗಂಟೆಗೆ ಷಡ್ಡಕನಿಗೆ ಗೊತ್ತಿದ್ದ ವಕೀಲರ ಹತ್ತಿರ ಹೋದೆವು. ವಯಸ್ಸಾದ ಹೆಂಗಸು, ಕನ್ನಡ ಚೆನ್ನಾಗಿ ಬರುತ್ತದೆ. ಏಜೆಂಟ್ ಕೊಟ್ಟ ಜೆರಾಕ್ಸ್ ಪಕ್ಕಕ್ಕಿಟ್ಟು, ಸರ್ವೇ ನಂಬರ್ ಮಾತ್ರ ಬರೆದುಕೊಂಡು ಕಂಪ್ಯೂಟರ್ ಮುಂದೆ ಕೂತರು. ಒಡೆತನ ಹೇಳುವ ಪಟ್ಟಾ, ಜಮೀನಿನ ಅಳತೆ ತೋರಿಸುವ ಎಫ್‌ಎಂಬಿ ನಕ್ಷೆ, ಯಾವ ನಂಬರು ಯಾವ ಬಗೆಯ ಜಮೀನು ಅಂತ ಹೇಳುವ ಎ ರಿಜಿಸ್ಟರ್, ಎಲ್ಲ ಸರ್ಕಾರದ ವೆಬ್‌ಸೈಟಿನಲ್ಲೇ ಸಿಗುತ್ತದೆ. ಜಮೀನಿನ ಮೇಲಿನ ಸಾಲ, ಮಾರಾಟ ತೋರಿಸುವ ಇಸಿಯನ್ನೂ ದುಡ್ಡಿಲ್ಲದೆ ನೋಡಬಹುದು. ನಮ್ಮ ಪಹಣಿಯ ಕೆಲಸವನ್ನು ಇಲ್ಲಿ ಪಟ್ಟಾ, ಚಿಟ್ಟಾ, ಅಡಂಗಲ್ ಹಂಚಿಕೊಂಡು ಮಾಡುತ್ತವೆ. ಕ್ರಯಪತ್ರ ಅವರಿಗೆ ಕಿರಯ ಪತ್ರಂ, ಮೂಲಪತ್ರ ತಾಯ್ ಪತ್ರಂ. ತಾಯಿ ಪತ್ರ ಅನ್ನುವ ಹೆಸರು ನನಗೆ ತುಂಬ ಹಿಡಿಸಿತು.

ಒಂದೊಂದೇ ಓದಿ ಹೇಳಿದರು. ಲೇಔಟಿನ ಜಮೀನು ಪಟ್ಟಾ ಜಮೀನೇ, ಇಸಿಯಲ್ಲಿ ಸಾಲ ಇಲ್ಲ. ಮೊದಲ ಹಂತಕ್ಕೆ ನಗರ ಯೋಜನೆ ಇಲಾಖೆಯ (ಡಿಟಿಸಿಪಿ) ಮಂಜೂರಾತಿ ಇದೆ, ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ರೇರಾ ನಂಬರೂ ಇದೆ. ಆಮೇಲೆ ಮಂಜೂರಾದ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಸೈಟುಗಳನ್ನು ಪೆನ್ಸಿಲ್ ತುದಿಯಿಂದ ಎಣಿಸಿದರು. 84ಕ್ಕೆ ನಕ್ಷೆ ಮುಗಿದುಹೋಯಿತು.

"ನಿಮ್ಮದು ಎಷ್ಟು ಅಂದಿರಿ?"

"91 ಮೇಡಂ."

ಎಫ್‌ಎಂಬಿ ನಕ್ಷೆಯನ್ನು ನನ್ನ ಕಡೆ ತಿರುಗಿಸಿದರು. ಲೇಔಟಿನ ಹಿಂದಿನ ಗಡಿಗೆ ಅಂಟಿಕೊಂಡ ನಂಬರಿನ ಮೇಲೆ ಬೆರಳಿಟ್ಟು, ಎ ರಿಜಿಸ್ಟರಿನಲ್ಲಿ ಅದಕ್ಕೆ ಬರೆದದ್ದನ್ನು ಓದಿದರು. "ಏರಿ ಪುರಂಪೋಕ್ಕು." ಪುರಂಪೋಕ್ಕು ಅಂದರೆ ನಮ್ಮ ಖರಾಬಿನ ಹಾಗೆ, ಸರ್ಕಾರದ ಜಾಗ.

"ಗೊತ್ತು ಮೇಡಂ, ಪಕ್ಕದಲ್ಲಿ ಏರಿ ಇದೆ ಅಂತ ಅವರೂ ಹೇಳಿದರು. ನಾವಿರೋದು ಏರಿಯಿಂದ ಆಚೆ ಅಲ್ವಾ?"

ಅವರು ಕನ್ನಡಕ ತೆಗೆದರು. "ನಿಮ್ಮ ಏರಿ ನಮಗೆ ಕರೈ. ನಮ್ಮ ಏರಿ ಅಂದರೆ ನಿಮ್ಮ ಕೆರೆ."

ಹುಡುಗ ಸುಳ್ಳು ಹೇಳಿರಲಿಲ್ಲ. ಪಕ್ಕದಲ್ಲಿ ಕೆರೆ ಅಂತಲೇ ಹೇಳಿದ್ದ. ನಾನು ಕಟ್ಟೆ ಅಂತ ಕೇಳಿಸಿಕೊಂಡಿದ್ದೆ. ಹುಟ್ಟಿದಾಗಿಂದ ಏರಿಯ ಮೇಲೆ ಓಡಾಡಿದವನು ನಾನು, ಆ ಪದಕ್ಕೆ ಗಡಿಯ ಆಚೆ ಬೇರೆ ಅರ್ಥ ಇರಬಹುದು ಅಂತ ಹೇಗೆ ತಾನೇ ಹೊಳೆಯಬೇಕು!

ಆ ಹಿಂದಿನ ಸಾಲು ಪಟ್ಟಾ ಜಮೀನಿನಲ್ಲಿದೆಯೋ, ಕೆರೆಯಂಗಳಕ್ಕೆ ಬಿದ್ದಿದೆಯೋ ಅನ್ನುವುದನ್ನು ಸರ್ವೇಯರ್ ಅಳೆದೇ ಹೇಳಬೇಕು ಅಂದರು. ಆದರೆ ಮಂಜೂರಾತಿ ಇಲ್ಲ ಅನ್ನುವುದಕ್ಕೆ ಅಳತೆ ಬೇಕಿಲ್ಲ. ಮಂಜೂರಾಗದ ಸೈಟುಗಳ ನೋಂದಣಿಯನ್ನು 2016ರ ಸೆಪ್ಟೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ತಡೆದಿತ್ತು. ಅದಕ್ಕೂ ಹಿಂದಿನ ಸೈಟುಗಳಿಗೆ 2017ರಲ್ಲಿ ಸಕ್ರಮ ಯೋಜನೆ ಬಂತು. ಹೊಸದಾಗಿ ಕಲ್ಲು ನೆಟ್ಟದ್ದಕ್ಕೆ ಆ ದಾರಿ ಇಲ್ಲ. ರೇರಾ ನೋಂದಣಿ ಆಗದೆ ಟೋಕನ್ ತೆಗೆದುಕೊಳ್ಳುವಂತೆಯೇ ಇಲ್ಲ.

ಅಲ್ಲಿಂದಲೇ ಏಜೆಂಟ್‌ಗೆ ಫೋನ್ ಮಾಡಿದೆ. "ಅಣ್ಣಾ, ಈಗ ಪವರ್ ಆಫ್ ಅಟಾರ್ನಿ ಮಾಡಿಕೊಡ್ತೀವಿ, ಅಪ್ರೂವಲ್ ಬಂದ ತಕ್ಷಣ ರಿಜಿಸ್ಟ್ರಿ. ಎಲ್ಲರೂ ಹಾಗೇ ತಗೊಂಡಿದ್ದಾರೆ" ಅಂದ. ಸ್ಪೀಕರ್‌ನಲ್ಲಿ ಕೇಳುತ್ತಿದ್ದ ವಕೀಲರು ತಲೆಯಾಡಿಸಿದರು. ಪವರ್ ಆಫ್ ಅಟಾರ್ನಿಯಿಂದ ಮಾರಿದರೆ ಒಡೆತನ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ನಮ್ಮ ಚಿಕ್ಕಪ್ಪನ ಮಗನಿಗೂ ಆಗ ಯಾರೋ ಹೇಳಿದ್ದು ಇದೇ ಮಾತು, ಎಲ್ಲರೂ ಹಾಗೇ ತಗೊಂಡಿದ್ದಾರೆ ಅಂತ.

ನಾಲ್ಕನೆಯ ದಿನ, ಶನಿವಾರ

ಬೆಳಿಗ್ಗೆ ಆರಕ್ಕೆ ನಾವಿಬ್ಬರೇ ಮತ್ತೆ ಹೋದೆವು. ಷಡ್ಡಕನನ್ನೂ ಎಬ್ಬಿಸಲಿಲ್ಲ. ಕಾಗದ ಅಷ್ಟು ಹೇಳಿದ ಮೇಲೂ ಮಣ್ಣು ಏನು ಹೇಳುತ್ತದೆ ಅಂತ ನನಗೆ ನೋಡಬೇಕಿತ್ತು.

ಮೊದಲ ಹಂತದ ರಸ್ತೆ ಮುಗಿಯುವವರೆಗೆ ಕೆಂಪು ಮಣ್ಣು, ನಮ್ಮ ಕಡೆಯದೇ. ಎರಡನೇ ಹಂತದಲ್ಲಿ ಮೇಲೆ ಒಂದಡಿ ಮೊರಂ ಹೊಡೆದು ಮಟ್ಟ ಮಾಡಿದ್ದರು. ಗುರುವಾರ ನಾನು ನೋಡಿದ್ದು ಆ ಮೊರಂ ಮಾತ್ರ. 91ರ ಕಲ್ಲಿನ ಹತ್ತಿರ ಕೂತು, ಕಾರಿನ ಸ್ಪ್ಯಾನರ್‌ನಿಂದ ಬಗೆದೆ. ಒಂದಡಿ ಕೆಳಗೆ ಮಣ್ಣಿನ ಬಣ್ಣ ತಿರುಗಿತು. ಬೂದಿ ಮಿಶ್ರದ ಕಪ್ಪು. ಹಿಡಿಯಲ್ಲಿ ಹಿಸುಕಿದರೆ ಬೆಣ್ಣೆಯ ಹಾಗೆ ಮುದ್ದೆಯಾಗುತ್ತದೆ, ಬೆರಳಿನ ಗುರುತು ಹಾಗೇ ನಿಲ್ಲುತ್ತದೆ. ಅದರೊಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಬಿಳಿ ಚಿಪ್ಪುಗಳು, ನೀರಿನ ಬಸವನಹುಳುವಿನವು.

ಕೆರೆಗೋಡು. ಪ್ರತಿ ಬೇಸಿಗೆ ನಮ್ಮೂರ ಕೆರೆಯಿಂದ ಟ್ರ್ಯಾಕ್ಟರ್ ಗಟ್ಟಲೆ ಹೊಡೆಸಿ ಟೊಮೆಟೊ ಹೊಲಕ್ಕೆ ಹರಡುತ್ತೇನೆ. ಇದೇ ಚಿಪ್ಪು ಕಾಲಿಗೆ ಚುಚ್ಚುತ್ತದೆ. ಕತ್ತಲಲ್ಲಿ ಕೈಗಿಟ್ಟರೂ ಗುರುತು ಹಿಡಿಯುತ್ತೇನೆ ನಾನು. ಮೊನ್ನೆ ಕಂಡ ಹಸಿರು ಹುಲ್ಲನ್ನು ಕಿತ್ತು ನೋಡಿದೆ. ಬುಡದಲ್ಲಿ ಗೆಡ್ಡೆ ಇತ್ತು. ನೀರು ನಿಲ್ಲುವ ಕಡೆ ಬೆಳೆಯುವ ಜೊಂಡಿನ ಜಾತಿ.

ಒಬ್ಬ ಅಜ್ಜ ಕುರಿ ಹೊಡೆದುಕೊಂಡು ಬಂದರು. ತೆಲುಗಿನಲ್ಲಿ ಮಾತಾಡಿಸಿದೆ. ಮಳೆ ಚೆನ್ನಾಗಿ ಆದ ವರ್ಷ ನೀರು ಎಲ್ಲಿಯವರೆಗೆ ಬರುತ್ತೆ ತಾತಾ ಅಂತ ಕೇಳಿದೆ. ಅವರು ಏನೂ ಹೇಳದೆ ಕೋಲು ಎತ್ತಿ, ನಮ್ಮ ಕಾರು ನಿಂತಿದ್ದ ಕಡೆಗೆ ತೋರಿಸಿದರು. ಕಾರು ನಿಂತಿದ್ದದ್ದು 91ರಿಂದ ಎರಡು ಸಾಲು ಈಚೆ, ಮೊದಲ ಹಂತದ ಕಡೆ.

ನನ್ನ ಹೆಂಡತಿ ಬಹಳ ಹೊತ್ತು ಅಲ್ಲೇ ನಿಂತಿದ್ದಳು. ನಮ್ಮೂರಿನ ಕೆರೆ ಹದಿನೈದು ವರ್ಷ ಒಣಗಿ ಜಾಲಿ ತುಂಬಿಕೊಂಡಿತ್ತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರತೊಡಗಿದ ಮೇಲೆ ತುಂಬಿತು. ಆ ನೀರು ಸಾಕಷ್ಟು ಶುದ್ಧವೇ ಅನ್ನುವ ಜಗಳ ಇನ್ನೂ ಇದೆ, ನನಗೂ ಆ ಆತಂಕ ಇದೆ. ಆದರೆ ಮೊದಲ ಸಲ ತುಂಬಿದಾಗ ಇಡೀ ಊರು ಬಾಗಿನ ಬಿಟ್ಟಿತ್ತು. "ಬಾಗಿನ ಬಿಟ್ಟ ಕೈಯಲ್ಲಿ ಕೆರೆಯೊಳಗೆ ಪಾಯ ತೆಗೀಬೇಕಾ?" ಅಂದಳು. ನಾನು ಬಗೆದ ಗುಂಡಿ ಮುಚ್ಚಿದೆ.

ಎಂಟು ಗಂಟೆಗೆ ಏಜೆಂಟ್‌ಗೆ ಬೇಡ ಅಂತ ಹೇಳಿದೆ. ಸಂಜೆಯೊಳಗೆ ಬೇರೆಯವರು ತಗೊಳ್ತಾರೆ ಅಂದ. ಯಾರಾದರೂ ತಗೊಂಡರೆ ಅವರ ಗತಿ ಏನು ಅನ್ನುವುದು ಇವತ್ತಿಗೂ ನನ್ನನ್ನು ಕಾಡುತ್ತದೆ. ಅವನಿಗೇ ಹೇಳಿದೆ, "ಕೇಳಿದವರಿಗೆ ಮಂಜೂರಾದ ನಕ್ಷೆ ತೋರಿಸಪ್ಪಾ, ನಿನ್ನ ವಯಸ್ಸು ಚಿಕ್ಕದು." ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಮೊದಲ ಹಂತದಲ್ಲಿ ಎರಡು ಸೈಟು ಮರುಮಾರಾಟಕ್ಕಿವೆ, 23 ಮತ್ತು 40, ಚದರಡಿಗೆ 2,300 ಅಂದ. 1,200 ಚದರಡಿಗೆ ಖರ್ಚೆಲ್ಲ ಸೇರಿ 30 ಲಕ್ಷ ದಾಟುತ್ತದೆ. ನಮ್ಮ ಹತ್ತಿರ ಅಷ್ಟಿಲ್ಲ.

ಚಂದ್ರಚೂಡೇಶ್ವರ ಬೆಟ್ಟ ಹತ್ತಿ ಪೂಜೆ ಮಾಡಿಸಿದೆವು. ಮೇಲಿಂದ ಇಡೀ ಹೊಸೂರು ಕಾಣುತ್ತದೆ. ಎಷ್ಟು ಮನೆ, ಎಷ್ಟು ಶೆಡ್ಡು! ನಡುನಡುವೆ ಕನ್ನಡಿ ಚೂರಿನ ಹಾಗೆ ಕೆರೆಗಳು ಹೊಳೆಯುತ್ತಿದ್ದವು. ನಾದಿನಿ ಕಟ್ಟಿಕೊಟ್ಟ ಪುಳಿಯೋಗರೆ ಮಾಲೂರಿನಲ್ಲಿ ತಿಂದು ಮೂರಕ್ಕೆ ಮನೆ ಸೇರಿದೆವು. ಮಗಳಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳು ತನ್ನ ಜೊತೆ ಕೆಲಸ ಮಾಡುವ ಇಬ್ಬರ ಸರ್ವೇ ನಂಬರ್ ಕೇಳಿ ಕಳಿಸುತ್ತೇನೆ, ವಕೀಲರ ನಂಬರ್ ಕೊಡಿ ಅಂದಳು.

ಸೋಮವಾರ ಬ್ಯಾಂಕಿಗೆ ಹೋದೆವು. ಮೂರು ವರ್ಷಕ್ಕೆ ಹಾಕೋಣ್ವಾ ಅಂತ ಕೌಂಟರಿನಲ್ಲಿ ಕೇಳಿದರು. ನಾನು ಹೂಂ ಅನ್ನುವಷ್ಟರಲ್ಲಿ ನನ್ನ ಹೆಂಡತಿ ಒಂದೇ ವರ್ಷಕ್ಕೆ ಸಾಕು ಅಂದಳು. ಹೊರಗೆ ಬಂದ ಮೇಲೆ ಯಾಕೆ ಅಂತ ಕೇಳಿದೆ. ನವೆಂಬರ್‌ನಲ್ಲಿ, ಮಳೆಯೆಲ್ಲ ಮುಗಿದು ಆ ಕೆರೆ ತುಂಬಿರುವಾಗ, ಇನ್ನೊಂದು ಸಲ ಹೋಗಿ 23 ಮತ್ತು 40ರ ಹತ್ತಿರ ನಿಂತು ನೋಡಬೇಕಂತೆ.